ಹೈ ರಿಸ್ಕ್ ಪ್ರೆಗ್ನೆನ್ಸಿ, ರಾತ್ರಿ ಇಡೀ ಟೆನ್ಶನ್. ಗೈಡೆಡ್ ಇಮೇಜರಿ ಮಾಡಿದವರು ಯಾರಾದ್ರೂ ಇದ್ದೀರಾ?

ಪೆರ್ಲದವಳು

ನಮಸ್ಕಾರ ಎಲ್ರಿಗೂ. ನಂಗೆ ಈಗ 27 ವಾರ, ಎರಡನೇದು. ಮೊದಲನೇದ್ರಲ್ಲಿ ಬಿಪಿ ಏರಿ 33 ವಾರಕ್ಕೇ ಸಿಸೇರಿಯನ್ ಮಾಡಿದ್ರು, ಮಗ ಹುಟ್ಟಿದ ಮಕ್ಕಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುವಿನಲ್ಲಿದ್ದು ಮನೆಗೆ ಬಂದ, ಈಗ ಅವನಿಗೆ ನಾಲ್ಕು ವರ್ಷ, ದೇವರ ದಯೆಯಿಂದ ಚುರುಕಾಗಿದ್ದಾನೆ. ಈ ಸಲ ಮೊದಲಿಂದಲೇ ಹೈ ರಿಸ್ಕ್ ಹೇಳಿ ಫೈಲಿನ ಮೇಲೆ ಬರೆದಿದ್ದಾರೆ, ಆಸ್ಪಿರಿನ್ ನಡೀತಾ ಉಂಟು, ಬಿಪಿ ಮಾತ್ರೆಯೂ ಶುರು ಆಗಿದೆ.

ಡಾಕ್ಟ್ರು, ಅಮ್ಮ, ಅತ್ತೆ, ಆಶಾ ವರ್ಕರ್, ಎಲ್ಲರೂ ಹೇಳುದು ಒಂದೇ ಮಾತು, ಟೆನ್ಶನ್ ಮಾಡ್ಬೇಡ. ಹೇಗೆ ಮಾಡದೆ ಇರುದು ಹೇಳಿ ಮಾತ್ರ ಯಾರೂ ಹೇಳುದಿಲ್ಲ. ಹಗಲು ಮಗನ ಹಿಂದೆ ಹೋಗ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಮುಗೀತು, ಹೋದ ಸಲದ್ದೆಲ್ಲ ಒಂದೊಂದಾಗಿ ಬರ್ತದೆ, ತಲೆ ಸ್ವಲ್ಪ ಭಾರ ಆದ್ರೂ ಬಿಪಿ ಏರಿತಾ ಹೇಳಿ ಎದೆ ಹೊಡ್ಕೊಳ್ತದೆ, ಎದೆ ಹೊಡ್ಕೊಂಡದ್ದರಿಂದ ಮಗುವಿಗೆ ಎಂತಾದ್ರೂ ಆದೀತಾ ಹೇಳಿ ಮತ್ತೆ ಹೆದರಿಕೆ.

ಚೆಕಪ್ಪಿಗೆ ಹೋದಾಗ ಒಬ್ರು ಸಿಸ್ಟರ್ ಗೈಡೆಡ್ ಇಮೇಜರಿ, ಅಂದ್ರೆ ಹೇಳಿಕೊಟ್ಟ ಹಾಗೆ ಹಿತವಾದ ಜಾಗವನ್ನು ಮನಸ್ಸಿನಲ್ಲಿ ಕಲ್ಪಿಸುದು, ಮಾಡಿ ನೋಡಿ ಹೇಳಿದ್ರು. ಯೂಟ್ಯೂಬಿನಲ್ಲಿ ಹುಡುಕಿದ್ರೆ ಇಂಗ್ಲಿಷಿನಲ್ಲಿ ರಾಶಿ ಉಂಟು, ಮಲಯಾಳದಲ್ಲೂ ಸಿಕ್ತು. ಹೆಚ್ಚಿನದ್ರಲ್ಲಿ ಕಣ್ಣು ಮುಚ್ಚಿ, ನೀವು ಸಮುದ್ರ ತೀರದಲ್ಲಿದ್ದೀರಿ ಅಂತ ಶುರು. ನಾನು ಗುಡ್ಡೆಯ ಮೇಲಿನವಳು, ಸಮುದ್ರ ನೋಡುದು ಕುಂಬಳೆಗೋ ಕಾಸರಗೋಡಿಗೋ ಹೋದ್ರೆ ಮಾತ್ರ, ಅದೂ ಈಗ ಮಳೆಗಾಲದ ಆಟಿ ತಿಂಗಳು, ಸಮುದ್ರ ಅಂದ್ರೆ ಆ ಮೊರೆತವೇ ನೆನಪಾಗುದು, ಮನಸ್ಸು ನಿಲ್ಲುವುದೇ ಇಲ್ಲ. ಇದು ನಿಜವಾಗಿ ಪ್ರಯೋಜನ ಉಂಟಾ? ಮಾಡಿದವರು ದಯವಿಟ್ಟು ಹೇಳಿ.

ನೀರ್ಚಾಲು ಅಮ್ಮ

ತಂಗೀ, ನಾನು ಮಾಡಿದ್ದೇನೆ. ನಂದು ಬಿಪಿ ಅಲ್ಲ, ಗರ್ಭಕೋಶದ ಬಾಯಿ ಗಿಡ್ಡ ಆಗಿದೆ ಹೇಳಿ ಹೊಲಿಗೆ ಹಾಕಿದ್ರು, ಹೆರಿಗೆ ಆಗುವವರೆಗೂ ಪ್ರತಿ ಸಲ ಬಾತ್‌ರೂಮಿಗೆ ಹೋಗುವಾಗ ಜೀವ ಕೈಯಲ್ಲಿ. ನಿಮ್ಮ ಹಾಗೆಯೇ ನಂಗೂ ಬೀಚ್ ಆಗ್ಲಿಲ್ಲ, ಹಿಮದ ಬೆಟ್ಟ ಆಗ್ಲಿಲ್ಲ, ಪೈನ್ ಮರದ ಕಾಡಂತೂ ಹೇಗಿರ್ತದೆ ಹೇಳಿಯೇ ಗೊತ್ತಿಲ್ಲ. ಒಂದಿನ ಆಡಿಯೋ ಆಫ್ ಮಾಡಿ ನನ್ನ ತವರುಮನೆಯ ಸುರಂಗದ ಹತ್ರ ಹೋಗಿ ಕೂತೆ, ಮನಸ್ಸಿನಲ್ಲೇ. ಬಾಯಾರು ಕಡೆ ನಮ್ಮದು, ಗುಡ್ಡೆ ಕೊರೆದು ಮಾಡಿದ ಸುರಂಗ, ಅಜ್ಜನ ಕಾಲದ್ದು, ಅದರ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬಂದು ಟ್ಯಾಂಕಿಗೆ ಬೀಳ್ತದೆ. ಆ ನೀರಿನ ಸದ್ದು, ಮುರಕಲ್ಲಿನ ತಂಪು, ಕಾಲಡಿಯ ಪಾಚಿ, ಎಲ್ಲ ತನ್ನಷ್ಟಕ್ಕೇ ಬಂತು, ನೆನಪು ಮಾಡ್ಕೊಳ್ಳುವ ಕಷ್ಟವೇ ಇಲ್ಲ. ಅವತ್ತು ಚೆನ್ನಾಗಿ ನಿದ್ದೆ ಬಂತು. ಭಯ ಪೂರ್ತಿ ಹೋಯ್ತು ಹೇಳಿ ನಾನು ಸುಳ್ಳು ಹೇಳುದಿಲ್ಲ, ಆದ್ರೆ ಆ ಹೊತ್ತಿಗೆ ಹಿಡಿತಕ್ಕೆ ಬರ್ತಿತ್ತು.

ನನ್ನ ಅಭಿಪ್ರಾಯದಲ್ಲಿ ಊರು ನಿಮ್ಮದಾಗಿರ್ಬೇಕು. ಬೇರೆಯವರು ಹೇಳಿದ ಜಾಗದಲ್ಲಿ ನಾವು ನೆಂಟರ ಹಾಗೆ ಕೂರ್ತೇವೆ, ಕಾಲು ಚಾಚುವುದಿಲ್ಲ.

ಕುಂಬಳೆ ಸಿಸ್ಟರ್

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು, ಗೊತ್ತಿದ್ದಷ್ಟು ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ಹೆದರಿಕೆ ಆದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನ್ ಏರ್ತದೆ, ಎದೆಬಡಿತ ಜೋರಾಗ್ತದೆ, ಉಸಿರು ಮೇಲೆಮೇಲೆ ಆಗ್ತದೆ, ಕುತ್ತಿಗೆ ದವಡೆ ಬಿಗೀತದೆ. ಮಿಡಿ ಉಪ್ಪಿನಕಾಯಿ ನೆನೆಸಿದ್ರೆ ಸಾಕು ಬಾಯಲ್ಲಿ ನೀರು ಬರ್ತದಲ್ಲ, ಹಾಗೆಯೇ ಕಲ್ಪನೆ ಮಾಡಿದ್ದಕ್ಕೂ ಮೈ ಉತ್ತರ ಕೊಡ್ತದೆ. ಕೆಟ್ಟದ್ದು ನೆನೆಸಿ ನೆನೆಸಿ ಮೈ ಬಿಗಿ ಆಗುದಾದ್ರೆ, ಹಿತವಾದ ಜಾಗವನ್ನು ಕಣ್ಣು, ಕಿವಿ, ಮೂಗು, ಚರ್ಮ ಎಲ್ಲದರಿಂದ ನೆನೆಸಿದ್ರೆ ಸಡಿಲವೂ ಆಗ್ತದೆ. ಗೈಡೆಡ್ ಇಮೇಜರಿ ಅಂದ್ರೆ ಇಷ್ಟೇ. 10ರಿಂದ 20 ನಿಮಿಷ ಸಾಕು, ದಿನಾ ಮಾಡಿದ್ರೆ ಬೇಗ ಹಿಡಿತಕ್ಕೆ ಬರ್ತದೆ. ಅಮೆರಿಕದಲ್ಲಿ ಗರ್ಭಿಣಿಯರಿಗೆ 12 ವಾರ ಆಡಿಯೋ ಕೊಟ್ಟು ನೋಡಿದ ಅಧ್ಯಯನ ಉಂಟು, ಹೈ ರಿಸ್ಕ್ ಅಂತ ಆಸ್ಪತ್ರೆಯಲ್ಲೇ ಅಡ್ಮಿಟ್ ಆಗಿದ್ದವರ ಜತೆ ಮಾಡಿದ್ದೂ ಉಂಟು.

ಆದ್ರೆ ಎಷ್ಟು ನಂಬಬಹುದು ಹೇಳುದು ಮುಖ್ಯ. ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆಯಲ್ಲಿ ಇಮೇಜರಿ, ಯೋಗ ಮುಂತಾದ್ದರ ಬಗ್ಗೆ 8 ಅಧ್ಯಯನ, 556 ಹೆಂಗಸರ ಮಾಹಿತಿ ಒಟ್ಟು ಮಾಡಿ ನೋಡಿದ್ರು. ಆತಂಕ ಕಡಿಮೆ ಆಗುವುದಕ್ಕೆ ಸ್ವಲ್ಪ ಆಧಾರ ಉಂಟು, ಬಲವಾದ ಆಧಾರ ಇಲ್ಲ, ತೊಂದರೆ ಆದದ್ದೂ ಕಂಡಿಲ್ಲ, ಇದು ಅವರ ಮಾತು. ಹಾಗಾಗಿ ಮನಸ್ಸಿಗೆ ನೆಮ್ಮದಿಗೆ ಮಾಡಿ, ನಿದ್ದೆಗೆ ಮಾಡಿ. ಬಿಪಿ ಮಾತ್ರೆಯ ಬದಲಿಗೆ, ಆಸ್ಪಿರಿನ್ ಬದಲಿಗೆ ಮಾಡ್ಲೇಬೇಡಿ.

ಇನ್ನೊಂದು. ಪೆರ್ಲದವಳು ತಂಗೀ, ನಿಮ್ಮ ಟೆನ್ಶನಿನಿಂದ ಬಿಪಿ ಬಂದದ್ದು ಹೇಳಿ ಯಾರಾದ್ರೂ ಹೇಳಿದ್ರೆ ತಲೆಗೆ ಹಾಕ್ಕೊಳ್ಬೇಡಿ. ಬಸುರಿಯಲ್ಲಿ ಬಿಪಿ ಏರುವ ಪ್ರೀಎಕ್ಲಾಂಪ್ಸಿಯಾ ಎಂಬ ಕಾಯಿಲೆ ಶುರು ಆಗುದು ಮಾಸು (ಪ್ಲಾಸೆಂಟಾ) ಮತ್ತು ಅದರ ರಕ್ತನಾಳ ಸರಿಯಾಗಿ ಬೆಳೆಯದೆ ಇದ್ದದ್ದರಿಂದ. ನೀವು ನಗ್ತಾ ಇದ್ದಿದ್ರೆ ಬರ್ತಿರಲಿಲ್ಲ ಹೇಳಿ ಇಲ್ಲ. ಎಷ್ಟೋ ತಾಯಂದಿರು ಈ ಅಪರಾಧಭಾವದಲ್ಲಿ ಒಳಗೊಳಗೇ ಕೊರಗುದು ನೋಡಿ ನಂಗೆ ಬೇಜಾರಾಗ್ತದೆ. ಇಮೇಜರಿ ಕೂಡ ಮಾಡ್ಲೇಬೇಕಾದ ಇನ್ನೊಂದು ಪರೀಕ್ಷೆ ಆಗುದು ಬೇಡ. ಒಂದಿನ ಮನಸ್ಸು ನಿಲ್ಲದಿದ್ರೆ ಬಿಟ್ಟುಬಿಡಿ, ಮಗುವಿಗೆ ಏನೂ ಆಗುದಿಲ್ಲ.

ಪೆರ್ಲದವಳು

ಸಿಸ್ಟರ್, ಮಾಸಿನ ಆ ವಿಷಯ ನಂಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರ್ಲಿಲ್ಲ. ಓದಿ ಅತ್ತೆಗೂ ತೋರಿಸಿದೆ. ತುಂಬಾ ಥ್ಯಾಂಕ್ಸ್. ಮಲಗಿ ಮಾಡಬಹುದಾ? ಉಸಿರು ಹಿಡಿದು ಬಿಡ್ಬೇಕು ಹೇಳಿ ಒಂದು ಆಡಿಯೋದಲ್ಲಿ ಇತ್ತು, ಅದು ಸರಿಯಾ?

ಕುಂಬಳೆ ಸಿಸ್ಟರ್

ಉಸಿರು ಹಿಡಿಯುದು ಬೇಡ, ನಿಮಗೆ ಬಿಪಿ ಬೇರೆ ಉಂಟು. ಮೂಗಿನಿಂದ ಮೆಲ್ಲ ಒಳಗೆ, ಅದಕ್ಕಿಂತ ಸ್ವಲ್ಪ ಉದ್ದಕ್ಕೆ ಹೊರಗೆ, ಇಷ್ಟೇ. ಅಂಗಾತ ಮಲಗಬೇಡಿ, ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳ್ತದೆ. ಪಕ್ಕಕ್ಕೆ ಮಲಗಿ, ಮಂಡಿಗಳ ಮಧ್ಯೆ ಒಂದು ದಿಂಬು, ಬೆನ್ನಿಗೆ ಒಂದು. ಇಲ್ಲದಿದ್ರೆ ಕುರ್ಚಿಯಲ್ಲಿ ಒರಗಿ ಕೂತೂ ಆಗ್ತದೆ. ಹೈ ರಿಸ್ಕ್ ಅಂದ್ರೆ ಇಡೀ ದಿನ ಮಲಗಿಯೇ ಇರ್ಬೇಕು ಹೇಳುದು ಹಳೆಯ ಕ್ರಮ, ಸುಮ್ಮನೆ ಮಲಗಿಯೇ ಇದ್ರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಂಟು, ಎಷ್ಟು ಓಡಾಡಬಹುದು ಹೇಳಿ ನಿಮ್ಮ ಡಾಕ್ಟರತ್ರವೇ ಕೇಳಿ.

ಮತ್ತೆ ದಯವಿಟ್ಟು ಇದನ್ನು ನೆನಪಿಡಿ, ತಲೆನೋವು ಜೋರು ಬಂದು ಹೋಗದಿದ್ರೆ, ಕಣ್ಣು ಮಂಜಾದ್ರೆ, ಮಿಂಚು ಬಂದ ಹಾಗೆ ಕಂಡ್ರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಒಮ್ಮೆಲೇ ಊದಿದ್ರೆ, ರಕ್ತ ಅಥವಾ ನೀರು ಹೋದ್ರೆ, ಮಗು ಅಲುಗಾಡುದು ಕಡಿಮೆ ಅನಿಸಿದ್ರೆ, ಆ ಹೊತ್ತಲ್ಲಿ ಕಣ್ಣು ಮುಚ್ಚಿ ಸಮಾಧಾನ ಮಾಡ್ಕೊಳ್ಳುದಲ್ಲ, ಆಸ್ಪತ್ರೆಗೆ ಹೊರಡುದು. ರಾತ್ರಿ ಎರಡು ಗಂಟೆ ಆದ್ರೂ ಸರಿ.

ಎಣ್ಮಕಜೆಯಿಂದ

ನಾನು ಬರೀಬೇಕಾ ಬೇಡ್ವಾ ಹೇಳಿ ಯೋಚಿಸಿ ಬರೀತಾ ಇದ್ದೇನೆ. ನಮ್ಮ ಊರಿನ ಕಥೆ ನಿಮಗೆಲ್ಲ ಗೊತ್ತುಂಟು. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು, ಆಮೇಲೆ ಮನೆಮನೆಯಲ್ಲಿ ಕಾಯಿಲೆಯ, ಅಂಗವೈಕಲ್ಯದ ಮಕ್ಕಳನ್ನು ಕಂಡದ್ದು. ನಾನು ಆ ಮಕ್ಕಳ ಜತೆಗೇ ಬೆಳೆದವಳು. ಈಗ ಬಸುರಿ, ಜತೆಗೆ ಶುಗರ್ ಬಂದಿದೆ. ಇಮೇಜರಿ ಆಡಿಯೋದಲ್ಲಿ ಎಲ್ಲ ಕಡೆ ಒಂದು ಜಾಗ ಬರ್ತದೆ, ನಿಮ್ಮ ಆರೋಗ್ಯವಂತ ಸುಂದರ ಮಗುವನ್ನು ನೋಡಿ, ಅದರ ಕೈಕಾಲು ನೋಡಿ ಹೇಳಿ. ಅಲ್ಲಿಗೆ ಬಂದ ಕೂಡಲೇ ನಂಗೆ ಅಳು. ಸ್ಕ್ಯಾನಿನಲ್ಲಿ ಎಲ್ಲ ಸರಿ ಉಂಟು ಹೇಳಿದ್ದಾರೆ, ಆದ್ರೂ.

ನೀರ್ಚಾಲು ಅಮ್ಮ

ಬರೆದದ್ದು ಒಳ್ಳೇದಾಯ್ತು ಮಾರಾಯ್ತಿ. ನಿಮ್ಮ ಹೆದರಿಕೆಗೆ ಕಾರಣ ಉಂಟು, ಇಲ್ಲದ್ದನ್ನು ಹುಟ್ಟಿಸ್ಕೊಂಡದ್ದಲ್ಲ. ಹೀಗೆ ಮಾಡಿ ನೋಡಿ, ಮಗುವನ್ನು ಕಲ್ಪನೆಯೊಳಗೆ ತರುದೇ ಬೇಡ. ಜಾಗ ಮಾತ್ರ. ನಾನು ಹೊಲಿಗೆ ಹಾಕಿದ ಮೇಲೆ ಹೊಟ್ಟೆಯ ಬಗ್ಗೆ ಯೋಚಿಸ್ಲಿಕ್ಕೇ ಆಗ್ತಿರ್ಲಿಲ್ಲ, ಹಾಗಾಗಿ ನನ್ನ ಸುರಂಗದ ಹತ್ರ ನಾನೊಬ್ಬಳೇ ಹೋಗ್ತಿದ್ದೆ, ಅದೂ ಲಂಗ ಹಾಕಿದ ಹುಡುಗಿಯಾಗಿ. ಅಲ್ಲಿ ಬಸುರಿಯೂ ಇಲ್ಲ, ರಿಪೋರ್ಟೂ ಇಲ್ಲ.

ಕುಂಬಳೆ ಸಿಸ್ಟರ್

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಉಂಟು. ಎಣ್ಮಕಜೆಯ ತಂಗೀ, 18ರಿಂದ 20 ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನಿನ ರಿಪೋರ್ಟ್ ಮನೆಗೆ ತಂದು ಸುಮ್ಮನೆ ಫೈಲಿನಲ್ಲಿ ಇಡ್ಬೇಡಿ. ಡಾಕ್ಟರತ್ರ ಕೂತು, ಮೆದುಳು ನೋಡಿದ್ದೀರಾ, ಬೆನ್ನೆಲುಬು ನೋಡಿದ್ದೀರಾ, ಹೃದಯ ನೋಡಿದ್ದೀರಾ ಹೇಳಿ ಒಂದೊಂದಾಗಿ ಕೇಳಿ, ನಾನು ಈ ಊರಿನವಳು, ಹಾಗಾಗಿ ಹೆದರಿಕೆ ಉಂಟು ಹೇಳಿ ಬಾಯಿಬಿಟ್ಟು ಹೇಳಿ. ಹೇಳಿದ್ರೆ ಅವರೂ ಸಮಯ ಕೊಡ್ತಾರೆ. ಎಲ್ಲ ಸರಿ ಉಂಟು ಎಂಬ ಒಂದು ಸಾಲಿಗಿಂತ ಆ ಮಾತುಕತೆ ಹೆಚ್ಚು ಧೈರ್ಯ ಕೊಡ್ತದೆ.

ಹೊಸಂಗಡಿಯವಳು

ಒಂದು ಪ್ರಶ್ನೆ ಎಲ್ರಿಗೂ. ಒಳ್ಳೇ ಕಲ್ಪನೆ ಮಾಡಿದ್ರೆ ಮಗು ಬುದ್ಧಿವಂತ ಆಗ್ತದೆ, ಬಣ್ಣ ಬರ್ತದೆ ಹೇಳಿ ಒಂದು ಕೋರ್ಸಿನವರು ಸಾವಿರಗಟ್ಟಲೆ ಫೀಸ್ ಕೇಳ್ತಿದ್ದಾರೆ, ನನ್ನ ನಾದಿನಿ ಸೇರ್ಬೇಕು ಹೇಳ್ತಿದ್ದಾಳೆ, ಅವಳಿಗೆ ಅವಳಿಜವಳಿ.

ಕುಂಬಳೆ ಸಿಸ್ಟರ್

ಹಾಗೆಂಥದ್ದೂ ಇಲ್ಲ. ಆ ದುಡ್ಡು ಒಂದು ಒಳ್ಳೇ ಬಿಪಿ ಮೆಷಿನಿಗೆ ಹಾಕ್ಲಿ, ಅವಳಿಯಾದ್ರೆ ಬಿಪಿ ಏರುವ ಸಂಭವ ಹೆಚ್ಚು, ಬೇಕಾಗ್ತದೆ.

ಸೀತಾಂಗೋಳಿ

ನಂಗೆ ಇಮೇಜರಿ ಮಾಡಿದ್ರೆ ಹೆಚ್ಚಾಗ್ತದೆ. ಹೋದ ವರ್ಷ ಐದನೇ ತಿಂಗಳಲ್ಲಿ ಹೋಯ್ತು ನಂದು. ಕಣ್ಣು ಮುಚ್ಚಿದ ಕೂಡಲೇ ಆ ಲೇಬರ್ ರೂಮಿನ ಲೈಟೇ ಬರ್ತದೆ, ಡೆಟಾಲ್ ವಾಸನೆ ಬರ್ತದೆ. ಎಲ್ಲರೂ ಒಳ್ಳೇದು ಹೇಳ್ತಾರೆ, ನಂಗೆ ಮಾತ್ರ ಹೀಗೆ ಯಾಕೆ?

ಕುಂಬಳೆ ಸಿಸ್ಟರ್

ನಿಮಗೆ ಮಾತ್ರ ಅಲ್ಲ ತಂಗೀ. ಹಿಂದೆ ಅಂಥ ಆಘಾತ ಆದವರಿಗೆ ಕಣ್ಣು ಮುಚ್ಚಿ ಒಳಗೆ ಹೋಗುದೇ ಕಷ್ಟ, ಹಳೇದು ಎದ್ದು ಬರ್ತದೆ. ಬಲವಂತ ಮಾಡ್ಬೇಡಿ, ನಿಲ್ಲಿಸಿ. ಕಣ್ಣು ತೆರೆದೇ ಇರಿ, ಎರಡೂ ಪಾದ ನೆಲಕ್ಕೆ ಒತ್ತಿ, ನೆಲದ ತಂಪು ಗಮನಿಸಿ, ಕೋಣೆಯಲ್ಲಿ ಕಾಣುವ ಸಾಮಾನಿನ ಹೆಸರು ಒಂದೊಂದಾಗಿ ಜೋರಾಗಿ ಹೇಳಿ, ಕ್ಯಾಲೆಂಡರ್, ಚೆಂಬು, ಬೀರು, ಹೀಗೆ. ಈಗ ಇಲ್ಲಿದ್ದೇನೆ ಹೇಳಿ ಮೈಗೆ ಗೊತ್ತಾಗ್ಬೇಕು, ಅಷ್ಟೇ. ಮತ್ತೆ ಇದನ್ನು ಒಬ್ರೇ ಹೊತ್ಕೊಂಡು ಹೋಗ್ಬೇಡಿ. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ದುಡ್ಡಿಲ್ಲ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056 ಕೂಡ ಉಂಟು. ಬದುಕುದೇ ಬೇಡ ಅನಿಸುವ ಮಟ್ಟಕ್ಕೆ ಹೋದ್ರೆ ಕಾಯ್ಬೇಡಿ, ಮನೆಯವರಿಗೆ ಆ ಕ್ಷಣವೇ ಹೇಳಿ ಆಸ್ಪತ್ರೆಗೆ ಬನ್ನಿ. ಹೆರಿಗೆಯ ಮೊದಲೂ ಆಮೇಲೂ ಬರುವ ಖಿನ್ನತೆಗೆ ಚಿಕಿತ್ಸೆ ಉಂಟು, ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿ ಮಗು ಒಟ್ಟಿಗೆ ಇರುವ ವಾರ್ಡೇ ಉಂಟು.

ಮೊಗ್ರಾಲ್ ಪುತ್ತೂರು

ಸೀತಾಂಗೋಳಿ ಅಕ್ಕ, ನಿಮ್ಮನ್ನು ಓದಿ ಕಣ್ಣು ತುಂಬಿತು, ನಮ್ಮ ದುಆದಲ್ಲಿ ನೀವು ಇರ್ತೀರಿ. ನಂದೂ ಮಾಸು ಕೆಳಗೆ ಇದ್ದ ಕೇಸ್, ಕೊನೇ ವಾರಗಳು ಆಸ್ಪತ್ರೆಯಲ್ಲೇ ಕಳೆದೆ. ನಂಗೆ ದೃಶ್ಯ ಬರುದಿಲ್ಲ, ಧ್ವನಿ ಬರ್ತದೆ. ಸಂಜೆಯ ಮಗ್ರಿಬ್ ನಮಾಜ್ ಆದ ಮೇಲೆ ಉಮ್ಮ ಮೆಲ್ಲ ದನಿಯಲ್ಲಿ ಓದುದು, ಹೊರಗೆ ಮಳೆ, ಒಳಗೆ ಅಕ್ಕಿಯ ಪತ್ತಿರಿ ಬೇಯಿಸುವ ಪರಿಮಳ. ಅಷ್ಟು ಸಾಕಾಗ್ತಿತ್ತು. ಚಿತ್ರ ಕಾಣುದಿಲ್ಲ ಹೇಳಿ ಬಿಟ್ಟುಬಿಡ್ಬೇಡಿ ಯಾರೂ, ಕೆಲವರಿಗೆ ಕಿವಿಯಿಂದ, ಕೆಲವರಿಗೆ ಮೂಗಿನಿಂದ.

ಶಾರ್ಜಾದಿಂದ ಒಬ್ಬ

ಗಂಡಸರು ಬರೆದ್ರೆ ತೊಂದ್ರೆ ಇಲ್ಲ ಅಂದ್ಕೊಳ್ತೇನೆ. ಹೆಂಡತಿ ಮುಳ್ಳೇರಿಯದಲ್ಲಿ, 30 ವಾರ, ಬಿಪಿ. ನಾನು ಇಲ್ಲಿ, ರಜೆ ಸಿಗುದು ಹೆರಿಗೆಯ ಹತ್ರಕ್ಕೆ. ದಿನಾ ಫೋನಿನಲ್ಲಿ ಹೆದರ್ಬೇಡ ಹೇಳುದು ಬಿಟ್ರೆ ನಂಗೆ ಎಂತ ಮಾಡ್ಲಿಕ್ಕೂ ಆಗುದಿಲ್ಲ. ಇದನ್ನು ನನ್ನ ಸ್ವರದಲ್ಲಿ ರೆಕಾರ್ಡ್ ಮಾಡಿ ಕಳಿಸಬಹುದಾ? ಎಂತ ಓದ್ಬೇಕು ಹೇಳಿ ಯಾರಾದ್ರೂ ಬರೆದುಕೊಡ್ತೀರಾ?

ನೀರ್ಚಾಲು ಅಮ್ಮ

ಖಂಡಿತ ಕಳಿಸಿ ಅಣ್ಣ, ಗುರ್ತದ ಸ್ವರಕ್ಕೆ ಬೇರೆಯೇ ಬಲ ಉಂಟು. ನಾನು ನನ್ನ ತವರಿನ ಜಾಗ ಇಟ್ಟು ಬರೀತೇನೆ, ನೀವು ನಿಮ್ಮ ಹೆಂಡತಿಯತ್ರ ಕೇಳಿ ಅವರ ಜಾಗಕ್ಕೆ ಬದಲಾಯಿಸಿ.

"ಪಕ್ಕಕ್ಕೆ ಮಲಗಿದ್ದೀಯಲ್ಲ, ದಿಂಬು ಸರಿ ಮಾಡ್ಕೋ. ದವಡೆ ಸಡಿಲ ಬಿಡು. ಭುಜ ಕೆಳಗೆ ಬಿಡು. ಉಸಿರು ತನ್ನಷ್ಟಕ್ಕೆ ಹೋಗ್ಲಿ, ಬರ್ಲಿ.

ಈಗ ಸಂಜೆ ನಾಲ್ಕು ಗಂಟೆ. ಮಳೆ ಬಿಟ್ಟಿದೆ. ನೀನು ಹಿಂದಿನ ಬಾಗಿಲಿನಿಂದ ತೋಟಕ್ಕೆ ಇಳೀತಾ ಇದ್ದೀ. ಮುರಕಲ್ಲಿನ ಮೆಟ್ಟಲು, ಇನ್ನೂ ಒದ್ದೆ, ಕಾಲಿಗೆ ತಂಪು. ಒಂದೊಂದೇ ಮೆಟ್ಟಲು, ಅವಸರ ಎಂಥದ್ದೂ ಇಲ್ಲ. ಅಡಿಕೆ ಮರದ ಮೇಲಿಂದ ನೀರು ಟಪ್ ಟಪ್ ಬೀಳ್ತಾ ಉಂಟು. ದೂರದಲ್ಲೊಂದು ಅಡಿಕೆ ಹಾಳೆ ಬಿತ್ತು, ಆ ಸದ್ದು ನಿಂಗೆ ಗೊತ್ತುಂಟು. ಬಾಳೆ ಎಲೆಯ ಮೇಲೆ ಬಿಸಿಲು ಬಿದ್ದು ಹಸಿರು ಇನ್ನೂ ಹಸಿರಾಗಿದೆ. ಕಾಳುಮೆಣಸಿನ ಬಳ್ಳಿ ಮುಟ್ಟು, ಎಲೆ ದಪ್ಪ, ನುಣುಪು.

ಸುರಂಗದ ಹತ್ರ ಬಂದೆ. ಒಳಗೆ ಹೋಗುದು ಬೇಡ, ಹೊರಗೆ ಕಲ್ಲಿನ ಮೇಲೆ ಕೂತ್ಕೋ. ಒಳಗಿಂದ ತಂಪು ಗಾಳಿ ಬಂದು ಮುಖಕ್ಕೆ ತಾಗ್ತದೆ, ಮಣ್ಣಿನ ವಾಸನೆ. ದಂಬೆಯಿಂದ ನೀರು ಬೀಳ್ತಾ ಉಂಟು. ಕೈ ಒಡ್ಡು. ಬೆರಳಿನ ಮಧ್ಯದಲ್ಲಿ ನೀರು ಹರಿದು ಹೋಗ್ಲಿ. ಯಾವುದಾದ್ರೂ ಯೋಚನೆ ಬಂದ್ರೆ ಬರ್ಲಿ, ತಡೆಯುದು ಬೇಡ, ಮತ್ತೆ ನೀರಿನ ಸದ್ದು ಕೇಳು. ಇಲ್ಲಿ ನಿನ್ನನ್ನು ಯಾರೂ ಕರೆಯುದಿಲ್ಲ, ಎಷ್ಟು ಹೊತ್ತು ಬೇಕಾದ್ರೂ ಕೂರು."

ಇದಾದ ಮೇಲೆ ಎರಡು ಮೂರು ನಿಮಿಷ ಮಾತಿಲ್ಲದೆ ಬಿಡಿ, ರೆಕಾರ್ಡಿಂಗ್ ಆನ್ ಇರ್ಲಿ. ಕೊನೆಗೆ, ಬಂದ ದಾರಿಯಲ್ಲೇ ಮೆಟ್ಟಲು ಹತ್ತಿ ಮನೆಗೆ ಬಾ, ಕೈಕಾಲು ಬೆರಳು ಅಲ್ಲಾಡಿಸು, ಬೇಕಿದ್ರೆ ಕಣ್ಣು ತೆರಿ, ನಿದ್ದೆ ಬಂದಿದ್ರೆ ಮಲಗು ಹೇಳಿ ಮುಗಿಸಿ. ಮೆಲ್ಲ ಓದ್ಬೇಕು ಅಣ್ಣ, ವಾರ್ತೆ ಓದಿದ ಹಾಗೆ ಅಲ್ಲ, ಒಂದು ಸಾಲು ಆಗಿ ನೀವು ಒಂದು ಉಸಿರು ತೆಗೆದು ಬಿಟ್ಟು ಮತ್ತೆ ಮುಂದಿನ ಸಾಲು.

ಶಾರ್ಜಾದಿಂದ ಒಬ್ಬ

ಅಕ್ಕ, ಓದಿ ನಂಗೇ ಊರಿಗೆ ಹೋದ ಹಾಗಾಯ್ತು. ಅವಳತ್ರ ಕೇಳಿದೆ, ಅವಳಿಗೆ ತೋಟ ಅಲ್ಲ, ಅವಳ ಅಜ್ಜಿಮನೆ ಅಡೂರಿನಲ್ಲಿ, ಪಯಸ್ವಿನಿ ಹೊಳೆಯ ಹತ್ರ, ಬೇಸಗೆಯಲ್ಲಿ ಮರಳಿನ ಮೇಲೆ ಮಕ್ಕಳೆಲ್ಲ ಕೂರ್ತಿದ್ದ ಜಾಗವಂತೆ. ಮದುವೆಯಾಗಿ ಇಷ್ಟು ಸಮಯ ಆಯ್ತು, ಇದು ನಂಗೆ ಗೊತ್ತೇ ಇರ್ಲಿಲ್ಲ. ಈ ವಾರವೇ ರೆಕಾರ್ಡ್ ಮಾಡಿ ಕಳಿಸ್ತೇನೆ.

ಮಂಜೇಶ್ವರದ ಅತ್ತೆ

ನಾನು ವಯಸ್ಸಾದವಳು, ಸೊಸೆ ಫೋನಿನಲ್ಲಿ ತೋರಿಸಿದ್ದಕ್ಕೆ ಬರೀತೇನೆ. ಕಲ್ಪನೆ ಎಲ್ಲ ಒಳ್ಳೇದೇ, ಆದ್ರೆ ಕೆಲವು ಹೆದರಿಕೆಗೆ ಕಲ್ಪನೆ ಸಾಲದು, ಏರ್ಪಾಡು ಬೇಕು. ನಮಗೆ ಕಾಸರಗೋಡಿನ ಗಡಿಯವರಿಗೆ ದೊಡ್ಡ ಆಸ್ಪತ್ರೆ ಅಂದ್ರೆ ಮಂಗಳೂರು. 2020ರ ಮಾರ್ಚಿನಲ್ಲಿ ಲಾಕ್‌ಡೌನಿಗೆ ತಲಪಾಡಿ ಗಡಿ ಮುಚ್ಚಿ, ಒಳದಾರಿಗಳಿಗೆಲ್ಲ ಮಣ್ಣು ಹಾಕಿದ್ದು, ಆಂಬುಲೆನ್ಸ್ ಬಿಡದೆ ಜೀವ ಹೋದದ್ದು ನಮ್ಮ ಕಡೆಯ ಯಾವ ಹೆಂಗಸೂ ಮರೆತಿಲ್ಲ. ಹೊಟ್ಟೆಯಲ್ಲಿ ಮಗು ಇದ್ದವಳಿಗೆ ರಾತ್ರಿ ಅದು ನೆನಪಾಗದೆ ಇರ್ತದಾ.

ನಾವು ಮನೆಯಲ್ಲಿ ಎಂತ ಮಾಡಿದೆವು ಹೇಳಿದ್ರೆ, ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆವು. ಮೊದಲು ಯಾವ ಆಸ್ಪತ್ರೆ, ಅಲ್ಲಿ ಆಗದಿದ್ರೆ ಗಡಿಯ ಈಚೆ ಎನ್‌ಐಸಿಯು ಇರುವ ಆಸ್ಪತ್ರೆ ಯಾವುದು, 108, ರಾತ್ರಿ ಎಬ್ಬಿಸಿದ್ರೆ ಬರುವ ಎರಡು ಜನ ಡ್ರೈವರಿನ ನಂಬರ್, ಸೊಸೆಯ ಬ್ಲಡ್ ಗ್ರೂಪ್, ಮಾತ್ರೆಗಳ ಹೆಸರು, ದೊಡ್ಡ ಮಗುವನ್ನು ಯಾರ ಮನೆಯಲ್ಲಿ ಬಿಡುದು. ಬ್ಯಾಗ್ ಕಟ್ಟಿಟ್ಟು ಬಾಗಿಲ ಹತ್ರ. ಅವತ್ತಿಂದ ಸೊಸೆಗೆ ಅರ್ಧ ನಿದ್ದೆ ವಾಪಸ್ ಬಂತು. ಅತ್ತೆಯಂದಿರೇ, ಹೆದರ್ಬೇಡ ಹೇಳುವ ಮೊದಲು ಇದನ್ನು ಮಾಡಿಕೊಡಿ, ಮತ್ತೆ ಅವಳ ಎದುರು ಯಾರ್ಯಾರದ್ದೋ ಹೆರಿಗೆ ಕೆಟ್ಟ ಕಥೆ ಹೇಳುವ ನೆಂಟರ ಮಾತನ್ನು ಅಲ್ಲೇ ನಿಲ್ಲಿಸಿ. ಬೇಜಾರಾದ್ರೆ ಆಗ್ಲಿ.

ಪೆರ್ಲದವಳು

ಅಮ್ಮಾ, ನಿಮ್ಮ ಕಾಗದದ ವಿಷಯ ಓದಿ ಇವರು ಕೂತು ಬರೆದ್ರು, ನಮಗೆ ಸಾರಡ್ಕದ ಆಚೆಯೇ ಕರ್ನಾಟಕ, ಪುತ್ತೂರು ಕಡೆಯ ದಾರಿಯೂ ಒಂದು ಹಾಕಿದ್ದೇವೆ. ನಾನು ಸುರಂಗ ಅಲ್ಲ, ನಮ್ಮ ಕೊಟ್ಟಿಗೆ ಹಿಡ್ಕೊಂಡಿದ್ದೇನೆ, ದನ ಮೆಲುಕು ಹಾಕುವ ಸದ್ದು, ಹುಲ್ಲಿನ ವಾಸನೆ, ಅದು ನಂಗೆ ಚೆನ್ನಾಗಿ ಬರ್ತದೆ. ಕೆಲವು ರಾತ್ರಿ ಆಗ್ತದೆ, ಕೆಲವು ರಾತ್ರಿ ಆಗುದಿಲ್ಲ.

ಸಿಸ್ಟರ್, ಒಂದು ಸಂಶಯ. ಮನೆಯಲ್ಲಿ ಬಿಪಿ ನೋಡುವ ಮೊದಲು ಇಮೇಜರಿ ಮಾಡಿದ್ರೆ ರೀಡಿಂಗ್ ಕಡಿಮೆ ಬಂದು ಡಾಕ್ಟರಿಗೆ ತಪ್ಪು ಲೆಕ್ಕ ಹೋಗ್ತದಾ?

ಕುಂಬಳೆ ಸಿಸ್ಟರ್

ಒಳ್ಳೇ ಪ್ರಶ್ನೆ. ಬಿಪಿ ನೋಡುವ ಮೊದಲು 5 ನಿಮಿಷ ಸುಮ್ಮನೆ ಕೂರ್ಲೇಬೇಕು, ಅದು ಕ್ರಮವೇ. ಬೆನ್ನು ಒರಗಿಸಿ, ಕಾಲ ಮೇಲೆ ಕಾಲು ಹಾಕದೆ ಪಾದ ನೆಲಕ್ಕೆ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ, ಮಾತಾಡದೆ. ಆ 5 ನಿಮಿಷ ಕೊಟ್ಟಿಗೆಯನ್ನು ನೆನೆಸಿದ್ರೆ ತೊಂದ್ರೆ ಇಲ್ಲ. ಆದ್ರೆ ರೀಡಿಂಗ್ ಜಾಸ್ತಿ ಬಂತು ಹೇಳಿ ಇಮೇಜರಿ ಮಾಡಿ ಪುನಃ ನೋಡಿ, ಕಡಿಮೆ ಬಂದದ್ದನ್ನು ಮಾತ್ರ ಪುಸ್ತಕದಲ್ಲಿ ಬರೆಯುದು ಬೇಡ, ಬಂದದ್ದೆಲ್ಲ ಗಂಟೆ ಸಮೇತ ಬರೀರಿ. 140/90 ಅಥವಾ ಹೆಚ್ಚು ಬಂದ್ರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. 160/110 ಮುಟ್ಟಿದ್ರೆ ಫೋನಿಗೆ ಕಾಯ್ಬೇಡಿ, ಗಾಡಿ ಹತ್ತಿ, ಪುಸ್ತಕ ಕೈಯಲ್ಲೇ ಇರ್ಲಿ.